ಕೈರೋದಲ್ಲಿ ಕೂತು ‘ದಿ ಮಮ್ಮಿ’ ನೋಡುವುದೆಂದರೆ

ಊರಿನಿಂದ ಈಜಿಪ್ಟ್ ನೋಡಲು ಬರುವ ಬಹಳಷ್ಟು ಜನ ತಲೆಯಲ್ಲಿ ಒಂದು ಸಿನಿಮಾ ತುಂಬಿಕೊಂಡೇ ಕೈರೋದಲ್ಲಿ ಇಳಿಯುತ್ತಾರೆ. ಅದು 1999ರ ‘ದಿ ಮಮ್ಮಿ’. ಬ್ರೆಂಡನ್ ಫ್ರೇಸರ್‌ನ ಬಂದೂಕು, ರೇಚಲ್ ವೈಸ್‌ಳ ಪುಸ್ತಕದ ಹುಚ್ಚು, ಮರಳಿನ ಬಿರುಗಾಳಿಯಲ್ಲಿ ಬಾಯಿ ತೆರೆದು ಬರುವ, ಜೀವ ತಳೆದು ಎದ್ದ ಮಮ್ಮಿ ಇಮ್ಹೊಟೆಪ್‌ನ ಮುಖ, ಚರ್ಮದ ಕೆಳಗೆ ಹರಿದಾಡುವ ಹುಳುಗಳು. ಚಿತ್ರದಲ್ಲಿ ಬರುವ ಸತ್ತವರ ನಗರ ಹಮುನಾಪ್ತ್ರಾ ಎಲ್ಲಿದೆ, ಒಂದು ದಿನದಲ್ಲಿ ಹೋಗಿ ಬರಬಹುದೇ ಎಂದು ಕೇಳುವವರೂ ಇದ್ದಾರೆ. ಅಂಥ ಊರೇ ಇಲ್ಲ. ಚಿತ್ರೀಕರಣ ನಡೆದದ್ದೂ ಈಜಿಪ್ಟಿನಲ್ಲಲ್ಲ, ಮೊರೊಕ್ಕೊದಲ್ಲಿ. ಎರ್ಫೂದ್ ಪಟ್ಟಣದ ಹತ್ತಿರ ಕುದುರೆ ಲಾಳದ ಆಕಾರದ ಒಂದು ಬೆಟ್ಟವಿದೆ, ಹೆಸರು ಗಾರಾ ಮೆದುವಾರ್. ಅದರ ಹೊಟ್ಟೆಯೊಳಗೆ ಹಮುನಾಪ್ತ್ರಾದ ಸೆಟ್ ಕಟ್ಟಿದರು. ಕೈರೋ ಎಂದು ತೋರಿಸಿದ ಬೀದಿಗಳು ಮರ್ರಾಕೇಶ್‌ನವು, ಒಳಾಂಗಣದ ಬಹುಪಾಲು ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದ್ದು. ಹಾಗಾಗಿ ಪಿರಮಿಡ್ ಮತ್ತು ಸ್ಫಿಂಕ್ಸ್ ಇರುವ ಗೀಜಾದಲ್ಲಿ ಯಾರಾದರೂ ‘ಶೂಟಿಂಗ್ ಆದ ಜಾಗ ತೋರಿಸ್ತೀನಿ’ ಎಂದು ಒಂಟೆ ಹತ್ತಿಸಲು ಬಂದರೆ ಹತ್ತಬೇಡಿ.

ಇಲ್ಲಿನವರಿಗೆ ಈ ಚಿತ್ರ ಕಂಡರಾಗದು ಎಂದುಕೊಳ್ಳುವುದು ತಪ್ಪು. ಸಾಹಸ ಚಿತ್ರವಾಗಿ ಇದನ್ನು ಮೆಚ್ಚುವ ಈಜಿಪ್ಟಿನವರು ಬೇಕಾದಷ್ಟು ಜನ ಇದ್ದಾರೆ. ನಾಯಕ ನಾಯಕಿಯ ಜಗಳ ಮತ್ತು ಪ್ರೀತಿ, ನಗು ಮತ್ತು ಹೆದರಿಕೆ ಒಂದರ ಬೆನ್ನಿಗೊಂದು ಬರುವ ಓಟ, ಜೆರ್ರಿ ಗೋಲ್ಡ್‌ಸ್ಮಿತ್‌ನ ಸಂಗೀತ, ಇವುಗಳ ಬಗ್ಗೆ ತಕರಾರಿಲ್ಲ. ತಕರಾರು ಬೇರೆ ಕಡೆ ಇದೆ. ಕಥೆ ನಡೆಯುವುದು 1926ರಲ್ಲಿ. ಆಗ ಕೈರೋದಲ್ಲಿ ಟ್ರಾಮ್ ಓಡಲು ಶುರುವಾಗಿ 30 ವರ್ಷವಾಗಿತ್ತು, ದೇಶ 1922ರಲ್ಲೇ ಸ್ವತಂತ್ರ ರಾಜ್ಯವೆಂದು ಘೋಷಣೆಯಾಗಿತ್ತು, ಹೆಸರಾಂತ ಗಾಯಕಿ ಉಮ್ ಕುಲ್ಸೂಮ್ ಹಾಡಲು ಶುರುಮಾಡಿದ್ದಳು. ಚಿತ್ರದಲ್ಲಿ ಕಾಣುವ ಊರಿನವನು ಮಾತ್ರ ಕೊಳಕು ಮೈಯ, ದುಡ್ಡಿಗೆ ಬಾಯಿಬಿಡುವ ಜೈಲರ್. ಓದಿದ, ಘನತೆಯ ಮನುಷ್ಯ ಎಂದರೆ ವಸ್ತುಸಂಗ್ರಹಾಲಯದ ಮುಖ್ಯಸ್ಥ ಡಾ. ಬೇ. ಆ ಪಾತ್ರ ಮಾಡಿದ ಎರಿಕ್ ಅವರಿ ಹುಟ್ಟಿದ್ದು ನಮ್ಮ ಡಾರ್ಜಿಲಿಂಗ್‌ನಲ್ಲಿ.

ಆದರೆ ಇತಿಹಾಸ ಬಲ್ಲ ಈಜಿಪ್ಟಿನವರಿಗೆ ನಿಜವಾಗಿ ನೋವಾಗುವುದು ಇಮ್ಹೊಟೆಪ್‌ನ ವಿಷಯದಲ್ಲಿ. ಆ ನೋವು ನ್ಯಾಯವಾದದ್ದು ಎಂದೇ ನಮ್ಮ ಅಭಿಪ್ರಾಯ. ಇಮ್ಹೊಟೆಪ್ ಕಲ್ಪನೆಯ ಪಾತ್ರವಲ್ಲ. ಕ್ರಿ.ಪೂ. 2650ರ ಸುಮಾರಿಗೆ ಜೋಸರ್ ದೊರೆಯ ಆಡಳಿತದಲ್ಲಿ ಅತಿ ದೊಡ್ಡ ಸ್ಥಾನದಲ್ಲಿದ್ದವನು. ಸಕ್ಕಾರಾದ ಮೆಟ್ಟಿಲು ಪಿರಮಿಡ್ ಅವನ ಕೆಲಸ ಎನ್ನುತ್ತಾರೆ: ಆರು ಹಂತ, ಸುಮಾರು 62 ಮೀಟರ್ ಎತ್ತರ, ಕಲ್ಲಿನಲ್ಲೇ ಕಟ್ಟಿದ ಮೊಟ್ಟಮೊದಲ ಪಿರಮಿಡ್. ಸಾವಿರಾರು ವರ್ಷ ಕಳೆದ ಮೇಲೂ ಜನ ಅವನನ್ನು ವೈದ್ಯದೇವತೆ ಎಂದು ಪೂಜಿಸಿದರು. ಕಾಯಿಲೆಯವರು ಹರಕೆ ಹೊತ್ತರು, ಗ್ರೀಕರು ತಮ್ಮ ವೈದ್ಯದೇವ ಅಸ್ಕ್ಲೇಪಿಯಸ್ ಇವನೇ ಎಂದರು. ಸಿನಿಮಾ ಅವನನ್ನು 1300 ವರ್ಷಕ್ಕೂ ಹೆಚ್ಚು ಈಚೆಗೆ ಎಳೆದು, ಕ್ರಿ.ಪೂ. 1290ರ ಸೇತಿ ದೊರೆಯ ಕಾಲದಲ್ಲಿ ನಿಲ್ಲಿಸಿ, ದೊರೆಯ ಪ್ರೇಯಸಿಯ ಜೊತೆ ಸೇರಿ ದೊರೆಯನ್ನೇ ಇರಿಯುವ ಪೂಜಾರಿ ಮಾಡಿತು. ಕನ್ನಂಬಾಡಿ ಕಟ್ಟಿದ ದಿವಾನ್ ವಿಶ್ವೇಶ್ವರಯ್ಯನವರ ಹೆಸರನ್ನು ಯಾರೋ ಹೊರಗಿನವರು ಒಬ್ಬ ಕೊಲೆಗಡುಕ ಮಾಂತ್ರಿಕನಿಗೆ ಇಟ್ಟು ಪ್ರಪಂಚಕ್ಕೆಲ್ಲ ತೋರಿಸಿದರೆ ಮಂಡ್ಯದವರಿಗೆ ಹೇಗಾದೀತು? ಹೆಸರಿನ ಈ ಎರವಲು 1932ರ ಕಪ್ಪುಬಿಳುಪು ‘ದಿ ಮಮ್ಮಿ’ಯಲ್ಲೇ ಆಗಿಹೋಗಿತ್ತು. ಬೋರಿಸ್ ಕಾರ್ಲಾಫ್ ಅಲ್ಲಿ ಇಮ್ಹೊಟೆಪ್ ಆಗಿದ್ದ. ನಿಜವಾದ ಇಮ್ಹೊಟೆಪ್‌ನ ಗೋರಿ ಇನ್ನೂ ಸಿಕ್ಕಿಲ್ಲ.

ಮಮ್ಮಿ ಮಾಡುವ ವಿಧಾನದಲ್ಲಿ ಚಿತ್ರ ಅರ್ಧ ಸರಿ, ಅರ್ಧ ತಪ್ಪು. ಮೂಗಿನ ಹೊಳ್ಳೆಯಿಂದ ಮೆದುಳು ತೆಗೆಯುತ್ತಿದ್ದದ್ದು ನಿಜ. ಆದರೆ ಅದಕ್ಕೆ ಬಳಸುತ್ತಿದ್ದದ್ದು ಲೋಹದ ಕೊಕ್ಕೆ, ನಾಯಕಿ ಹೇಳುವ ಕಾಯಿಸಿದ ಸಲಾಕೆಯಲ್ಲ. ಆಮೇಲೆ ಎಡ ಪಕ್ಕೆಯ ಕೆಳಗೆ ಸೀಳಿ ಪಿತ್ತಜನಕಾಂಗ, ಶ್ವಾಸಕೋಶ, ಜಠರ, ಕರುಳು ಹೊರತೆಗೆದು ನಾಲ್ಕು ಜಾಡಿಗಳಲ್ಲಿ ಇಡುತ್ತಿದ್ದರು. ದೇಹವನ್ನು ಸುಮಾರು 40 ದಿನ ನೇಟ್ರಾನ್ ಉಪ್ಪಿನಲ್ಲಿ ಹೂತು ನೀರಿನಂಶ ಹೀರಿಸಿ, ಎಣ್ಣೆ ಮತ್ತು ರಾಳ ಬಳಿದು, ನಾರುಬಟ್ಟೆ ಸುತ್ತುವಷ್ಟರಲ್ಲಿ ಒಟ್ಟು 70 ದಿನ. ಆ ಉಪ್ಪು ಸಿಗುತ್ತಿದ್ದ ವಾದಿ ನತ್ರೂನ್ ಇವತ್ತಿಗೂ ಕೈರೋ–ಅಲೆಕ್ಸಾಂಡ್ರಿಯಾ ಮರುಭೂಮಿ ಹೆದ್ದಾರಿಯ ಪಕ್ಕದಲ್ಲೇ ಇದೆ. ಚಿತ್ರದಲ್ಲಿ ಜಾಡಿಗಳು ಐದು. ಕಥೆಗೆ ಹೃದಯವೂ ಬೇಕಿತ್ತು. ನಿಜದಲ್ಲಿ ಹೃದಯವನ್ನು ಮುಟ್ಟುತ್ತಲೇ ಇರಲಿಲ್ಲ, ಏಕೆಂದರೆ ಸತ್ತ ಮೇಲಿನ ನ್ಯಾಯಸಭೆಯಲ್ಲಿ ಸತ್ಯದ ದೇವಿ ಮಾತ್‌ಳ ಗರಿಯ ಎದುರು ತೂಗುವುದು ಅದನ್ನೇ. ಅದು ತನ್ನ ಒಡೆಯನ ವಿರುದ್ಧ ಸಾಕ್ಷಿ ಹೇಳದಿರಲಿ ಎಂದು ಎದೆಯ ಮೇಲೆ ಒಂದು ಮಂತ್ರ ಕೆತ್ತಿದ ಕಲ್ಲಿನ ಜೀರುಂಡೆ ಇಡುತ್ತಿದ್ದರು. ಚಿತ್ರದಲ್ಲಿ ಮನುಷ್ಯರನ್ನು ತಿಂದು ಮುಗಿಸುವ ಹುಳು ಇದೇ. ಅದು ಸಗಣಿ ಉಂಡೆ ಉರುಳಿಸುವ ಹುಳು, ಮಾಂಸ ತಿನ್ನುವುದಲ್ಲ. ಉರುಳುವ ಆ ಉಂಡೆಯಲ್ಲಿ ಅವರು ಹುಟ್ಟುವ ಸೂರ್ಯನನ್ನು ಕಂಡರು. ಸತ್ತವನನ್ನು ಕಾಯುವ ಪ್ರಾಣಿಯನ್ನೇ ಚಿತ್ರ ಕೊಲ್ಲುವ ಪ್ರಾಣಿ ಮಾಡಿಬಿಟ್ಟಿದೆ.

ಮೆಚ್ಚಬೇಕಾದ್ದೂ ಇದೆ. ಇಮ್ಹೊಟೆಪ್ ಆಡುವ ಮಾತು ಬಾಯಿಗೆ ಬಂದ ಗದ್ದಲವಲ್ಲ. ಸ್ಟುವರ್ಟ್ ಟೈಸನ್ ಸ್ಮಿತ್ ಎಂಬ ಈಜಿಪ್ಟ್ ತಜ್ಞರು ಪ್ರಾಚೀನ ಭಾಷೆಯಲ್ಲೇ ಸಂಭಾಷಣೆ ಕಟ್ಟಿಕೊಟ್ಟರು. ಚಿತ್ರಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ, ಆದ್ದರಿಂದ ಉಚ್ಚಾರಣೆಯ ಜಾಡು ಹಿಡಿಯಲು ವಿದ್ವಾಂಸರು ಆ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್ ಭಾಷೆಯನ್ನು ನೆಚ್ಚುತ್ತಾರೆ. ಕಾಪ್ಟಿಕ್ ಇಲ್ಲಿನ ಚರ್ಚುಗಳ ಪ್ರಾರ್ಥನೆಯಲ್ಲಿ ಇಂದಿಗೂ ಜೀವಂತವಾಗಿದೆ. ಕಪ್ಪು ಉಡುಪಿನ ಮೆಜಾಯ್ ಕಾವಲುಗಾರರೂ ಪೂರ್ತಿ ಕಟ್ಟುಕಥೆಯಲ್ಲ. ಈಜಿಪ್ಟಿನ ದಕ್ಷಿಣಕ್ಕಿರುವ ನೂಬಿಯಾ ಕಡೆಯ ಮರುಭೂಮಿಯ ಈ ಜನರ ಹೆಸರೇ ಮುಂದೆ ಪೊಲೀಸ್ ಕೆಲಸಕ್ಕೆ ನಿಂತಿತು. ಥೀಬ್ಸ್‌ನ ರಾಜಗೋರಿಗಳನ್ನು ಅವರು ಕಾದದ್ದು ನಿಜ. ಅದೇ ಥೀಬ್ಸ್‌ನಲ್ಲಿ ಪಿರಮಿಡ್ ಮತ್ತು ಸ್ಫಿಂಕ್ಸ್ ತೋರಿಸಿದ್ದನ್ನು ಮಾತ್ರ ಇಲ್ಲಿನ ಶಾಲೆಯ ಮಕ್ಕಳೂ ಹಿಡಿದುಬಿಡುತ್ತಾರೆ. ಥೀಬ್ಸ್ ಅಂದರೆ ಇಂದಿನ ಲಕ್ಸರ್. ಗೀಜಾದಿಂದ ರಸ್ತೆಯಲ್ಲಿ ಸುಮಾರು 650 ಕಿಲೋಮೀಟರ್.

ಇನ್ನು ಗೋರಿ ತೆರೆದವರಿಗೆ ತಟ್ಟುತ್ತದೆ ಎನ್ನುವ ಶಾಪ. 1922ರ ನವೆಂಬರ್‌ನಲ್ಲಿ ಹೊವಾರ್ಡ್ ಕಾರ್ಟರ್ ತೂತಂಖಾಮುನ್ ದೊರೆಯ ಗೋರಿ ಕಂಡುಹಿಡಿದ. ಹಣ ಹಾಕಿದ ಲಾರ್ಡ್ ಕಾರ್ನಾರ್ವನ್ ಸುದ್ದಿಯ ಹಕ್ಕನ್ನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಮಾರಿದ್ದರಿಂದ ಉಳಿದ ಪತ್ರಿಕೆಗಳಿಗೆ ಬರೆಯಲು ಏನೂ ಇರಲಿಲ್ಲ. 1923ರ ಏಪ್ರಿಲ್‌ನಲ್ಲಿ, ಸೊಳ್ಳೆ ಕಚ್ಚಿದ ಜಾಗಕ್ಕೆ ಕ್ಷೌರದ ಕತ್ತಿ ತಾಗಿ, ಗಾಯ ನಂಜಾಗಿ ಕಾರ್ನಾರ್ವನ್ ಕೈರೋದಲ್ಲಿ ತೀರಿಕೊಂಡ. ಶಾಪದ ಕಥೆ ಹಬ್ಬಿತು. 1932ರ ಚಿತ್ರಕ್ಕೆ ಚಿತ್ರಕಥೆ ಬರೆದ ಜಾನ್ ಬಾಲ್ಡರ್‌ಸ್ಟನ್ ಆ ಗೋರಿಯ ಸುದ್ದಿ ಬರೆದಿದ್ದ ಪತ್ರಕರ್ತನೇ. ಆದರೆ ಕಾರ್ಟರ್ ಬದುಕಿದ್ದು 1939ರ ತನಕ. ಮೊದಲು ಒಳಗೆ ಹೋದವರಲ್ಲಿ ಒಬ್ಬಳಾದ ಕಾರ್ನಾರ್ವನ್ ಮಗಳು ಎವೆಲಿನ್ 1980ರ ತನಕ. ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದು 2002ರಲ್ಲಿ ಲೆಕ್ಕ ಹಾಕಿದಾಗಲೂ ಗೋರಿ ಹೊಕ್ಕವರ ಆಯುಷ್ಯಕ್ಕೂ ಶಾಪಕ್ಕೂ ನಂಟು ಕಾಣಲಿಲ್ಲ.

ಹಾಗಂತ ಈಜಿಪ್ಟಿನಲ್ಲಿ ಶಾಪದ ಮಾತು ಇಲ್ಲವೇ ಇಲ್ಲ ಎನ್ನುವಂತಿಲ್ಲ. 2021ರ ಮಾರ್ಚ್‌ ಕೊನೆಯಲ್ಲಿ ಸೂಯೆಜ್ ಕಾಲುವೆಯಲ್ಲಿ ಹಡಗು ಸಿಕ್ಕಿಹಾಕಿಕೊಂಡಿತು, ಸೊಹಾಗ್‌ನಲ್ಲಿ ರೈಲುಗಳು ಡಿಕ್ಕಿಯಾದವು, ಕೈರೋದಲ್ಲಿ ಕಟ್ಟಡ ಕುಸಿಯಿತು. ಏಪ್ರಿಲ್ 3ಕ್ಕೆ 22 ರಾಜರಾಣಿಯರ ಮಮ್ಮಿಗಳನ್ನು ಮೆರವಣಿಗೆಯಲ್ಲಿ ಸಾಗಿಸುವುದಿತ್ತು. ಅವರನ್ನು ಎಬ್ಬಿಸಿದ್ದಕ್ಕೇ ಹೀಗಾಯಿತು ಎಂಬ ಮಾತು ಫೋನಿನಿಂದ ಫೋನಿಗೆ ಓಡಿತು. ಪುರಾತತ್ವಜ್ಞ ಜಾಹಿ ಹವಾಸ್ ಅದನ್ನು ತಳ್ಳಿಹಾಕಿದರು. ಮೆರವಣಿಗೆ ಆ ರಾತ್ರಿ ಬಹಳ ಗಾಂಭೀರ್ಯದಿಂದ ನಡೆಯಿತು.

ಆ 22 ಜನರಲ್ಲಿ ಸೇತಿಯೂ ಒಬ್ಬ. ಸಿನಿಮಾದಲ್ಲಿ ಪರದೆಯ ಹಿಂದೆ ಇರಿತಕ್ಕೆ ಬಲಿಯಾಗುವ ಅದೇ ಸೇತಿ. ಫುಸ್ತಾತ್‌ನ ನಾಗರಿಕತೆ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಮಂದ ಬೆಳಕಿನಲ್ಲಿ ಮಲಗಿದ್ದಾನೆ. ಚೂಪು ಮೂಗು, ಮುಚ್ಚಿದ ರೆಪ್ಪೆ, ಮುಖದಲ್ಲಿ ಎಲ್ಲೂ ಸೆಡವಿಲ್ಲ. ಕುತ್ತಿಗೆಯ ಹತ್ತಿರ ನೋಡಿ: ತಲೆ ಮುಂಡದಿಂದ ಬೇರೆಯಾಗಿದೆ. ಅದು ಗೋರಿಗಳ್ಳರ ಕೆಲಸ. ಆ ಕಳ್ಳರು ಪ್ರಾಚೀನ ಈಜಿಪ್ಟಿನವರೇ. ಅವರಿಗೇ ಶಾಪದ ಹೆದರಿಕೆ ಇರಲಿಲ್ಲ. ಆಮೇಲೆ ಪೂಜಾರಿಗಳು ಹರಿದದ್ದನ್ನು ಮತ್ತೆ ಸುತ್ತಿ, ಬೇರೆ ದೊರೆಗಳ ಜೊತೆ ದೇರ್ ಎಲ್ ಬಹರಿಯ ಬಂಡೆಯೊಳಗೆ ಬಚ್ಚಿಟ್ಟರು. 1881ರಲ್ಲಿ ಆ ಅಡಗುತಾಣ ಹೊರಬಿತ್ತು. ಅದೇ ಸಭಾಂಗಣದಲ್ಲಿ ಸೇತಿಯ ಮಗ ಎರಡನೇ ರಾಮ್ಸೆಸ್ ಇದ್ದಾನೆ. ಅವನ ಮೂಗಿನೊಳಗೆ ಕರಿಮೆಣಸಿನ ಕಾಳು ಸಿಕ್ಕಿದೆ. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ.

ನೋಡಲು ಬರುವವರಿಗೆ ಒಂದೆರಡು ಮಾತು. ಮಮ್ಮಿಗಳ ಸಭಾಂಗಣದಲ್ಲಿ ಫೋಟೊ ತೆಗೆಯುವಂತಿಲ್ಲ. ಫೋನ್ ಎತ್ತಿದರೆ ಕಾವಲಿನವರು ಬರುತ್ತಾರೆ. ದನಿ ತಗ್ಗಿಸಿ, ಇಲ್ಲಿನವರಿಗೆ ಅವರು ಪೂರ್ವಜರು. ಸಕ್ಕಾರಾ ಕೈರೋದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಗೀಜಾ ಮುಗಿಸಿ ಸುಸ್ತಾದ ಮೇಲೆ ಹೋದರೆ ಇಮ್ಹೊಟೆಪ್‌ನ ಕೆಲಸಕ್ಕೆ ಅನ್ಯಾಯವಾಗುತ್ತದೆ, ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಿ. ಲಕ್ಸರ್‌ನ ರಾಜರ ಕಣಿವೆಯ ಸಾಮಾನ್ಯ ಟಿಕೆಟ್‌ಗೆ ಮೂರು ಗೋರಿ ಮಾತ್ರ. ಸೇತಿಯ ಗೋರಿಗೆ ಬೇರೆ ಟಿಕೆಟ್ ಬೇಕು, ದುಬಾರಿ, ಬಾಗಿಲಲ್ಲೇ ಕೇಳಿ ತೆಗೆದುಕೊಳ್ಳಿ. ಒಳಗೆ ಹೋದ ಮೇಲೆ ನೆನಪಾದರೆ ವಾಪಸು ನಡೆಯಬೇಕು. 137 ಮೀಟರ್ ಉದ್ದದ ಆ ಗೋರಿಯಲ್ಲಿ ನಕ್ಷತ್ರಗಳ ಚಾವಣಿ ಇದೆ, ಅದರ ಕೆಳಗಿದ್ದ ಶವಪೆಟ್ಟಿಗೆ ಇಲ್ಲ. ಅಮೃತಶಿಲೆಯಂಥ ಬಿಳಿ ಅಲಬಾಸ್ಟರ್‌ನ ಆ ಪೆಟ್ಟಿಗೆಯನ್ನು ಜಾನ್ ಸೋನ್ ಎಂಬ ವಾಸ್ತುಶಿಲ್ಪಿ 1824ರಲ್ಲಿ 2000 ಪೌಂಡಿಗೆ ಕೊಂಡ. ಅದು ಈಗಲೂ ಲಂಡನ್ನಿನ ಅವನ ಮನೆಯಲ್ಲಿದೆ. ನಾಯಕ ನಾಯಕಿ ಒಂಟೆಯ ಮೇಲೆ ನಿಧಿಯ ಸಮೇತ ಹೊರಟುಹೋಗುವ ಚಿತ್ರದ ಕೊನೆಯನ್ನು ನೋಡಿ ಇಲ್ಲಿನ ಎಷ್ಟೋ ಜನರಿಗೆ ನಗು ಬರದಿರುವುದು ಇದಕ್ಕೇ.