ಕಿಸೆದಾಗಿನ ಇಲಿ

ವಾರದಾಗ ಮೂರು ದಿನ ಹುಬ್ಬಳ್ಳಿಯಿಂದ ಗದಗಕ್ಕ ರೈಲಿನಾಗ ಹೋಗಿಬರ್ತೀನಿ, ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಾಕ. ಹುಬ್ಬಳ್ಳಿ ಸ್ಟೇಶನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಮ್ಯಾಲೆ ಬ್ಯಾಗ್ ಹೊತ್ತು ನಡೆದವರಿಗೆ ಗೊತ್ತು, ಸಾಮಾನು ಎಷ್ಟು ಕಡಿಮಿ ಇದ್ರೆ ಅಷ್ಟು ಚಲೋ. ಅದಕ್ಕ ಸಣ್ಣ ವೈರ್‌ಲೆಸ್ ಮೌಸ್ ತಗೊಂಡೆ. ಅಂಗಿ ಕಿಸೆದಾಗ ಹಿಡಸ್ತದ.

ಮೊದಲ ದಿನಾನ ಫಜೀತಿ. ಸೀರಿ ಅಂಗಡಿ ಗಾಜಿನ ಕೌಂಟರ್ ಮ್ಯಾಲೆ ಇಟ್ಟೆ, ಬಾಣ ಅಲ್ಲಾಡವಲ್ದು. ಮೌಸಿನ ಹೊಟ್ಟಿಯೊಳಗಿನ ಸೆನ್ಸರ್ ಕೆಳಗಿನ ಮೇಲ್ಮೈಯ ಸಣ್ಣ ಒರಟುತನ ನೋಡಿ ಚಲನೆ ಲೆಕ್ಕ ಹಾಕ್ತದ. ನುಣುಪು ಗಾಜಿನಾಗ ಅದಕ್ಕ ನೋಡಾಕ ಏನೂ ಸಿಗಂಗಿಲ್ಲ. ಮಾಲೀಕರು ಡ್ರಾದಾಗಿನ ಹಳೇ ಲಗ್ನಪತ್ರಿಕಿ ಕೊಟ್ಟು, "ಇಲಿಗೆ ಹಾಸಿಗಿ ಬ್ಯಾರೆ ಬೇಕೇನ್ರಿ?" ಅಂದ್ರು. ಆ ಪತ್ರಿಕಿ ಈಗೂ ನನ್ನ ಬ್ಯಾಗಿನಾಗ ಅದ. ಅರಿಶಿಣ ಹಚ್ಚಿದ ಮೂಲಿ ಮಾತ್ರ ಸವದದ.

ಇನ್ನೊಂದು ತ್ರಾಸು ತಿಳಿಯಾಕ ತಿಂಗಳಾತು. ಹಾರ್ಡ್ ಡಿಸ್ಕ್ ಹಚ್ಚಿದಾಗೆಲ್ಲ ಬಾಣ ಕುಂಟತಿತ್ತು. ಸೆಲ್ ಬದಲಿಸಿದೆ, ಬೈದೆ, ಎರಡರಿಂದಲೂ ಉಪಯೋಗ ಆಗಲಿಲ್ಲ. ಆ ಡಿಸ್ಕಿನಂಥ ಯುಎಸ್‌ಬಿ 3.0 ಸಾಧನದಿಂದ ಹೊರಡೋ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೊಕ್ಕ ಅಡ್ಡ ಬರ್ತದಂತ, ಮೌಸ್ ಮಾತಾಡೋದೂ ಅದರಾಗನ. ಮೌಸಿನ ಮಾತು ಕೇಳೋ ಉಗುರಿನಷ್ಟು ರಿಸೀವರ್ ಕಿತ್ತು, ಡಿಸ್ಕಿನಿಂದ ದೂರ ಲ್ಯಾಪ್‌ಟಾಪಿನ ಆ ಕಡೆ ಚುಚ್ಚಿದೆ, ಸರಿ ಹೋತು.

ಆದ್ರ ಮಾರ್ಚ್ ತಿಂಗಳ ಲೆಕ್ಕಕ್ಕ ಇದು ಬ್ಯಾಡ. ದಿನವಿಡೀ ಬೆರಳು ಮಡಚಿ ಹಿಡದು ಮಣಿಕಟ್ಟು ನೋಯ್ತದ. ಮನ್ಯಾಗ ಹಳೇ ದಪ್ಪ ಮೌಸೇ ಅದ, ಬಾಲ ಸಮೇತ.