ಟಿಪ್ಪಣಿ ಹಾಳೆಯ ಒಂದು ಸಾಲು

ನಾನು ಗುಮಾಸ್ತನಾಗಿದ್ದಾಗ ನಮ್ಮ ತಹಶೀಲ್ದಾರರಾಗಿದ್ದವರು ಇಂದು ಹಾಸನದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಸಾಗುವಳಿ ಮಾಡಿಕೊಂಡವರ ಸಕ್ರಮ ಅರ್ಜಿಗಳನ್ನು ತೀರ್ಮಾನಿಸುವ ಬಗರ್ ಹುಕುಂ ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಜನರ ಕಷ್ಟ ಬಲ್ಲವರೂ ಪಹಣಿ, ಸರ್ವೆ ನಕ್ಷೆ ಬಲ್ಲವರೂ ಒಂದೇ ಮೇಜಿನ ಮುಂದೆ ಕೂರುವ ಈ ಏರ್ಪಾಡು ಒಳ್ಳೆಯದೆಂದೇ ಇಂದಿಗೂ ನಂಬಿದ್ದೇನೆ. ನಾವು ವರ್ಷಗಟ್ಟಲೆ ಬಾಕಿ ಇಟ್ಟಿದ್ದ ವಿಧವೆಯೊಬ್ಬರ ಅರ್ಜಿಯನ್ನು ಶಾಸಕರೇ ಮುಂದೆ ನಿಂತು ಹೊರತೆಗೆಸಿದ್ದನ್ನು ನಾನು ಮರೆತಿಲ್ಲ.

ಆದರೆ ಒಮ್ಮೆ ಗೋಮಾಳದ ಕಡತವೊಂದನ್ನು ಕೂಡಲೇ ಮುಗಿಸುವಂತೆ ಫೋನ್ ಬಂದಾಗ ಸಾಹೇಬರು, "ಆಗಲಿ ಸರ್, ಇದನ್ನೇ ಬರವಣಿಗೆಯಲ್ಲಿ ಕೊಡಿ" ಎಂದು ವಿನಯದಿಂದಲೇ ಹೇಳಿ, ಫೋನ್ ಬಂದ ವೇಳೆಯನ್ನೂ ಮಾತಿನ ಸಾರವನ್ನೂ ಹಸಿರು ಶಾಯಿಯಲ್ಲಿ ಟಿಪ್ಪಣಿ ಹಾಳೆಯ ಮೇಲೆ ದಾಖಲಿಸಿದರು. ಎರಡು ತಿಂಗಳೊಳಗೆ ಅವರಿಗೆ ವರ್ಗಾವಣೆಯಾಯಿತು. ಮಕ್ಕಳ ಪರೀಕ್ಷೆಗಳು ಆಗಿನ್ನೂ ಮುಗಿದಿರಲಿಲ್ಲ.

ಮೌಖಿಕ ಸೂಚನೆಗಳನ್ನು ಅಧಿಕಾರಿಗಳು ಬರವಣಿಗೆಯಲ್ಲಿ ದಾಖಲಿಸಬೇಕು, ಹುದ್ದೆಯಲ್ಲಿ ಅವರಿಗೆ ಕನಿಷ್ಠ ಅವಧಿ ನಿಗದಿಯಾಗಬೇಕು ಎಂದು ಸುಪ್ರೀಂ ಕೋರ್ಟ್ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಹೇಳಿತು. ಈ ಎರಡು ಮಾತುಗಳಲ್ಲಿ ಎರಡನೆಯದು ಗಟ್ಟಿಯಾಗಿ ನಿಲ್ಲದೆ ಮೊದಲನೆಯದನ್ನು ಪಾಲಿಸುವ ಧೈರ್ಯ ಎಲ್ಲರಿಗೂ ಬಾರದು ಎಂಬುದು ನನ್ನ ಅನುಭವ.

ಬಸ್ಸು ಹತ್ತುವ ಮುನ್ನ ಅವರು ಕೇಳಿದ್ದು, ಆ ಗೋಮಾಳದಲ್ಲಿ ಈಗಲೂ ದನ ಮೇಯುತ್ತಿವೆಯೇ ಎಂದು. ಮೇಯುತ್ತಿವೆ ಸರ್, ಎಂದೆ.