ಗ್ರೀಕ್ ಕಲಿಯೋಕೆ ಇಂಗ್ಲಿಷ್ ದಾರಿ ಯಾಕೆ?

ಬೈಬಲ್ಲನ್ನು ಮೂಲ ಭಾಷೆಯಲ್ಲೇ (ಹೊಸ ಒಡಂಬಡಿಕೆ ಗ್ರೀಕ್‌ನಲ್ಲಿ, ಹಳೆಯದರ ಹೆಚ್ಚಿನ ಭಾಗ ಹೀಬ್ರೂವಿನಲ್ಲಿ) ಓದಬೇಕು ಅಂತ ಆಸೆ ಇರುವವರು ನಮ್ಮ ಸಭೆಗಳಲ್ಲಿ ಕಡಿಮೆ ಏನಿಲ್ಲ. ಶುರು ಮಾಡುತ್ತಾರೆ, ಅಕ್ಷರ ಕಲಿಯುತ್ತಾರೆ, ನಾಲ್ಕನೇ ಪಾಠಕ್ಕೆ ಬಿಟ್ಟುಬಿಡುತ್ತಾರೆ. ಗ್ರೀಕ್ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಿಗುವ ಪಠ್ಯಪುಸ್ತಕಗಳೆಲ್ಲ ಇಂಗ್ಲಿಷ್ ಮಾತಾಡುವವರಿಗಾಗಿ ಬರೆದಂಥವು. ಅವರಿಗೆ ಯಾವುದು ತೊಡಕೋ ಅದಕ್ಕೆ ಹತ್ತು ಪುಟ, ನಮಗೆ ಯಾವುದು ತೊಡಕೋ ಅದಕ್ಕೆ ಎರಡು ಸಾಲು.

ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರು. ಪಾದ್ರಿ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಸಂಜೆ ಹೊತ್ತು, ಮತ್ತೆ ಜುಲೈನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನ, ಕೂತು ಗ್ರೀಕ್ ಮತ್ತು ಹೀಬ್ರೂ ಓದುತ್ತೇನೆ. ಹಾಗಾಗಿ ಇದು ಪಂಡಿತರ ಮಾತಲ್ಲ, ವ್ಯಾಕರಣ ಪಾಠ ಮಾಡಿ ಮಾಡಿ ಅಭ್ಯಾಸವಾದವನ ಮಾತು: ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದ್ದರೆ ಗ್ರೀಕ್‌ನ ಅರ್ಧ ದಾರಿ ನೀವು ಆಗಲೇ ನಡೆದಿದ್ದೀರಿ.

ಅಕ್ಷರದಿಂದಲೇ ನೋಡಿ. ಗ್ರೀಕ್‌ನಲ್ಲಿ 24 ಅಕ್ಷರ. ಎಪ್ಸಿಲಾನ್ ಮತ್ತು ಈಟಾ, ಒಮಿಕ್ರಾನ್ ಮತ್ತು ಒಮೆಗಾ, ಇವುಗಳ ವ್ಯತ್ಯಾಸ ಹೇಳಿಕೊಡೋಕೆ ಇಂಗ್ಲಿಷ್ ಪುಸ್ತಕ ಪಡುವ ಪಾಡು ನೋಡಿದರೆ ನಗು ಬರುತ್ತದೆ. ನಮಗೆ ಅದು ಎ, ಏ, ಒ, ಓ ಅಷ್ಟೇ. ಥೀಟಾ, ಫೈ, ಖೈ ಮೂರನ್ನೂ ಹಳೆಯ ಗ್ರೀಕರು ಮಹಾಪ್ರಾಣವಾಗಿ, ನಮ್ಮ ಥ, ಫ, ಖ ಹಾಗೆ, ಉಚ್ಚರಿಸುತ್ತಿದ್ದರು. (ನನ್ನ ಕ್ಲಾಸಿನ ಮಕ್ಕಳ ಬಾಯಲ್ಲಿ ಮಹಾಪ್ರಾಣ ಹೊರಡಿಸೋದು ಎಷ್ಟು ಕಷ್ಟ ಅನ್ನೋದು ಬೇರೆ ವಿಷಯ.)

ಆಮೇಲೆ ವಿಭಕ್ತಿ. ಇಂಗ್ಲಿಷಿನವರು ಎಡವಿ ಬೀಳೋದು ಇಲ್ಲೇ. ಲೊಗೊಸ್, ಲೊಗೊನ್, ಲೊಗೂ, ಲೊಗೋ. ಮಾತು, ಮಾತನ್ನು, ಮಾತಿನ, ಮಾತಿಗೆ. ಇದರಲ್ಲಿ ವಿವರಿಸೋಕೆ ಏನಿದೆ? ಒಂದು ಮಾತ್ರ ಗಮನದಲ್ಲಿಡಬೇಕು. ನಮ್ಮಲ್ಲಿ ತೃತೀಯೆ, ಸಪ್ತಮಿ ಎಲ್ಲ ಬೇರೆ ಬೇರೆ. ಅಲ್ಲಿ ಅವುಗಳ ಕೆಲಸವನ್ನೂ ಚತುರ್ಥಿಯೇ ಹೊತ್ತುಕೊಂಡಿದೆ, ಪಂಚಮಿಯ ಕೆಲಸ ಷಷ್ಠಿಯ ತಲೆಗೆ ಬಿದ್ದಿದೆ. ಕ್ರಿಯಾಪದವೂ ಹಾಗೇ. ಬರೆಯುತ್ತೇನೆ ಅಂದರೆ ಸಾಕು, 'ನಾನು' ಬೇಕಿಲ್ಲ. ಗ್ರೀಕ್‌ನಲ್ಲಿ ಗ್ರಫೋ ಅಂದರೂ ಸಾಕು.

ನನಗೆ ತುಂಬಾ ಖುಷಿ ಕೊಟ್ಟಿದ್ದು ಇನ್ನೊಂದು. ಗ್ರೀಕ್ ಕ್ರಿಯಾಪದಕ್ಕೆ ಕರ್ತರಿ, ಕರ್ಮಣಿ ಬಿಟ್ಟು ಮೂರನೆಯದೊಂದು ಪ್ರಯೋಗ ಇದೆ. ಮಾಡಿದವನಿಗೇ ಕೆಲಸದ ಫಲ ಬಂದು ತಟ್ಟುವಂಥದ್ದು. ಇಂಗ್ಲಿಷಿನಲ್ಲಿ ಅಂಥದ್ದಿಲ್ಲ, ಅದಕ್ಕೇ ಪುಸ್ತಕಗಳು ಅಲ್ಲಿ ಸುತ್ತಿ ಬಳಸಿ ಮಾತಾಡುತ್ತವೆ. ನಮ್ಮ ಶಾಲೆಯ ಸಂಸ್ಕೃತ ಮೇಷ್ಟ್ರು ಮತ್ತೂರಿನವರು, ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ದಡದಲ್ಲಿರುವ ಆ ಸಂಸ್ಕೃತದ ಊರು. ಸ್ಟಾಫ್ ರೂಮಲ್ಲಿ ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಅಯ್ಯೋ, ಇದು ನಮ್ಮ ಆತ್ಮನೇಪದ ಕಣ್ರೀ" ಅಂದರು. ಸರಿ. ಆದರೆ ಸಂಸ್ಕೃತದ ತನಕ ಹೋಗೋದೂ ಬೇಡ, ನಾವು ದಿನಾ ಆಡುವ 'ಕೊಳ್ಳು' ಇದೆಯಲ್ಲ! ತೊಳೆ, ತೊಳೆದುಕೋ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆಯಿರಿ, ಹುಟ್ಟುಕುರುಡನ ಕಥೆ. ಯೇಸು ಅವನ ಕಣ್ಣಿಗೆ ಕೆಸರು ಹಚ್ಚಿ, ಸಿಲೋವ ಕೊಳಕ್ಕೆ ಹೋಗಿ ತೊಳೆದುಕೋ ಅನ್ನುತ್ತಾನೆ. ಗ್ರೀಕ್‌ನಲ್ಲಿ ನಿಪ್ಸೈ. ಅವನು ಹೋದ, ಎನಿಪ್ಸತೊ, ತೊಳೆದುಕೊಂಡ. ಎರಡೂ ಈ 'ಕೊಳ್ಳು' ರೂಪವೇ. ಈಗ 13ನೇ ಅಧ್ಯಾಯಕ್ಕೆ ಬನ್ನಿ. ಯೇಸು ಸೊಂಟಕ್ಕೆ ಟವೆಲ್ ಕಟ್ಟಿ ಶಿಷ್ಯರ ಕಾಲು ತೊಳೆಯುತ್ತಾನೆ. ಅಲ್ಲಿ ಅದೇ ಧಾತು, ಆದರೆ ಸಾದಾ ಕರ್ತರಿ, ನಿಪ್ತೇನ್. ಬೇರೆಯವರ ಕಾಲು ತಾನೇ? ಕನ್ನಡದ ಕಿವಿ ಇದನ್ನು ಯಾರೂ ಹೇಳಿಕೊಡದೆ ಹಿಡಿಯುತ್ತದೆ. ಇನ್ನೂ ಚೆಂದ ಅಂದರೆ, ಕುರುಡ ವಾಪಸ್ ಬಂದದ್ದನ್ನು ಯೋಹಾನ ಹೇಳುವ ಕ್ರಮ: ಏಲ್ಥೆನ್ ಬ್ಲೆಪೋನ್. ನೋಡುತ್ತಾ ಬಂದ. ನಮ್ಮ 'ಉತ್ತಾ' ಕೃದಂತವೇ ಅಲ್ಲಿ ಕೂತಿದೆ.

ಎಲ್ಲಕ್ಕೂ 'ಕೊಳ್ಳು' ಹಾಕಿದರೆ ನಡೆಯೋದಿಲ್ಲ, ಅದನ್ನೂ ಹೇಳಬೇಕು. ಎರ್ಖೊಮೈ ಅಂದರೆ ಬರುತ್ತೇನೆ ಅಷ್ಟೇ, ರೂಪ ಮಾತ್ರ ಆತ್ಮನೇಪದದ್ದು. ಅಂಥವನ್ನು ಸುಮ್ನೆ ಬಾಯಿಪಾಠ ಮಾಡಬೇಕು.

ನಮಗೆ ನಿಜವಾಗಿ ಕಷ್ಟ ಆಗೋದು ಲಿಂಗ. ನಮಗೆ ಮನೆ ನಪುಂಸಕ, ಕೇಳೋ ಪ್ರಶ್ನೆಯೇ ಇಲ್ಲ. ಅವರಲ್ಲಿ ಒಯ್ಕೊಸ್ ಅಂದರೆ ಮನೆ, ಪುಲ್ಲಿಂಗ. ಒಯ್ಕಿಯಾ ಅಂದರೂ ಮನೆ, ಸ್ತ್ರೀಲಿಂಗ. ಮಗುವಿಗೆ ಬಳಸುವ ಪೈದಿಯೊನ್ ಮಾತ್ರ ನಮ್ಮ ಹಾಗೇ ನಪುಂಸಕ. ಪ್ರತಿ ನಾಮಪದದ ಜೊತೆಗೂ ಅದರ ಲಿಂಗ ತೋರಿಸುವ ಹೊ, ಹೇ, ತೊ ಅಂತ ಒಂದು ಬಾಲ, ಅದಕ್ಕೂ ವಿಭಕ್ತಿ. ಪದ ಕಲಿಯುವಾಗಲೇ ಬಾಲ ಸಮೇತ ಕಲಿಯಿರಿ, ಬೇರೆ ದಾರಿ ಇಲ್ಲ.

ಹೀಬ್ರೂ ಕಥೆ ಬೇರೆ. 22 ವ್ಯಂಜನ, ಬಲದಿಂದ ಎಡಕ್ಕೆ ಬರವಣಿಗೆ. ಮೊದಲು ಸ್ವರ ಬರೆಯುತ್ತಲೇ ಇರಲಿಲ್ಲ. ಅಕ್ಷರದ ಮೇಲೆ, ಕೆಳಗೆ ಚುಕ್ಕೆ ಇಟ್ಟು ಸ್ವರ ತೋರಿಸುವ ಪದ್ಧತಿಯನ್ನು ಮಸೋರೆಟರು ಅನ್ನುವ ವಿದ್ವಾಂಸರು ಎಷ್ಟೋ ಶತಮಾನ ಕಳೆದ ಮೇಲೆ ಬೆಳೆಸಿದರು. ಹಾಗೆ ಚುಕ್ಕೆ ಇಟ್ಟ ಪೂರ್ತಿ ಪ್ರತಿಗಳಲ್ಲಿ ಲೆನಿನ್‌ಗ್ರಾಡ್ ಕೋಡೆಕ್ಸ್ ಅನ್ನುವ ಹಸ್ತಪ್ರತಿ ಸುಮಾರು 1008ರದ್ದು, ಇವತ್ತು ವಿದ್ವಾಂಸರು ಬಳಸುವ ಹೆಚ್ಚಿನ ಅಚ್ಚಿನ ಪ್ರತಿಗಳಿಗೆ ಅದೇ ಆಧಾರ. ಕಾಗುಣಿತ ಬಂದವರಿಗೆ ಚುಕ್ಕೆ ಹೆದರಿಕೆ ಹುಟ್ಟಿಸೋದಿಲ್ಲ. (1906ರಲ್ಲಿ 'ಬಿಬ್ಲಿಯಾ ಹೆಬ್ರಾಯಿಕಾ' ಅನ್ನುವ ಹೀಬ್ರೂ ಬೈಬಲ್ ಸಂಪಾದಿಸಿದವರ ಹೆಸರು ಕಿಟ್ಟೆಲ್ ಅಂತ ನೋಡಿ ಖುಷಿಪಡಬೇಡಿ. ಅವರು ರುಡಾಲ್ಫ್ ಕಿಟ್ಟೆಲ್. 1894ರ ಕನ್ನಡ ನಿಘಂಟಿನ ನಮ್ಮ ಕಿಟ್ಟೆಲ್ ಫರ್ಡಿನಾಂಡ್.)

ಗಂಟಲಿನ ಅಕ್ಷರಗಳಿಗೆ ಮಾತ್ರ ಕನ್ನಡದಲ್ಲಿ ಏನೂ ಇಲ್ಲ. ಅದಕ್ಕೆ ನನ್ನ ಗುರು ನಮ್ಮ ಬೀದಿಯ ಟೈಲರ್ ಚಾಚಾ. ಚಿಕ್ಕಂದಿನಲ್ಲಿ ಮದರಸಾದಲ್ಲಿ ಅರಬಿ ಕಲಿತವರು. 'ಐನ್' ಹೇಗೆ ಹೇಳೋದು ಅಂತ ಕೇಳಿದರೆ ಮಷಿನ್ ನಿಲ್ಲಿಸಿ, ಕುತ್ತಿಗೆಯ ಮೇಲೆ ಬೆರಳಿಟ್ಟು, "ಇಲ್ಲಿಂದ ತೆಗೀರಿ ಮೇಷ್ಟ್ರೇ, ಮೂಗಿಂದಲ್ಲ" ಅಂದರು. ಅರಬಿ, ಹೀಬ್ರೂ ಎರಡರಲ್ಲೂ ಹೆಚ್ಚಿನ ಪದ ಹುಟ್ಟುವುದು ಮೂರು ವ್ಯಂಜನದ ಧಾತುವಿನಿಂದ, ಆ ಗುಟ್ಟೂ ಅವರಿಂದಲೇ ತಿಳಿದದ್ದು. ನಾವು ದಿನಾ ಆಡುವ ಮಾಲೀಕ, ಹಿಸಾಬು ಎರಡೂ ಅರಬಿಯಿಂದ ಬಂದವು. ಮ-ಲ-ಕ ಹೀಬ್ರೂವಿನಲ್ಲಿ ಮೆಲೆಖ್, ರಾಜ. ಲೆಕ್ಕ ಹಾಕೋದಕ್ಕೆ ಹಾಶವ್. ಹೀಗೆ ಗಂಟು ಹಾಕಿಕೊಂಡರೆ ಪದ ಮರೆಯೋದಿಲ್ಲ.

ಹೀಬ್ರೂವಿನಲ್ಲಿ ಷಷ್ಠಿ ತಲೆಕೆಳಗು. 'ದೇವರ ಮನೆ' ಅನ್ನುವಾಗ ನಾವು ದೇವರಿಗೆ ಪ್ರತ್ಯಯ ಹಚ್ಚುತ್ತೇವೆ, ಮನೆ ಹಾಗೇ ಇರುತ್ತದೆ. ಅವರು ದೇವರನ್ನು ಮುಟ್ಟೋದಿಲ್ಲ, ಮನೆಯನ್ನು ಬದಲಿಸುತ್ತಾರೆ. ಬಯಿತ್ ಹೋಗಿ ಬೇತ್ ಆಗುತ್ತದೆ, ಬೇತೇಲ್. ಇದಕ್ಕೆ ಒಗ್ಗಿಕೊಳ್ಳೋಕೆ ಸಮಯ ಬೇಕು.

ಆದರೆ ಕನ್ನಡದ ಅಭ್ಯಾಸವೇ ಅಡ್ಡ ಬರುವ ಜಾಗ ಕಥೆ ಹೇಳುವ ರೀತಿ, ಮೂಲ ಓದಿದ್ದಕ್ಕೆ ಸಾರ್ಥಕ ಅನ್ನಿಸಿದ್ದೂ ಅಲ್ಲೇ. ಆದಿಕಾಂಡ 22:3. ಮಗನನ್ನು ಬಲಿ ಕೊಡೋಕೆ ಅಬ್ರಹಾಮ ಹೊರಡುತ್ತಾನೆ. ನಾವು ಹೇಳಿದರೆ ಹೇಗಿರುತ್ತದೆ? ಬೆಳಿಗ್ಗೆ ಬೇಗ ಎದ್ದು, ಕತ್ತೆಗೆ ತಡಿ ಹಾಕಿ, ಇಬ್ಬರು ಆಳುಗಳನ್ನೂ ಮಗ ಇಸಾಕನನ್ನೂ ಕರೆದುಕೊಂಡು, ಸೌದೆ ಸೀಳಿ, ಹೊರಟು ಹೋದನು. ಎದ್ದು, ಹಾಕಿ, ಸೀಳಿ ಅಂತ ಓಡಿಕೊಂಡು ಹೋಗಿ ಕೊನೆಗೆ ಒಂದೇ ಪೂರ್ಣ ಕ್ರಿಯಾಪದದಲ್ಲಿ ನಿಲ್ಲುತ್ತೇವೆ. ಹೀಬ್ರೂವಿನಲ್ಲಿ ಆ ಓಟವೇ ಇಲ್ಲ. ಬೇಗ ಎದ್ದನು. ತಡಿ ಹಾಕಿದನು. ಕರೆದುಕೊಂಡನು. ಸೀಳಿದನು. ಎದ್ದನು. ಹೋದನು. ವಯ್ಯಷ್ಕೇಮ್‌ನಿಂದ ವಯ್ಯೇಲೆಖ್ ತನಕ ಆರು ಪೂರ್ಣ ಕ್ರಿಯಾಪದ, ಆರೂ ಬೇರೆ ಬೇರೆ. ಅಪ್ಪನ ಮನಸ್ಸಲ್ಲಿ ಏನಿತ್ತು ಅಂತ ಒಂದು ಮಾತೂ ಇಲ್ಲ. ಬರೀ ಕೆಲಸ, ಒಂದಾದ ಮೇಲೆ ಒಂದು. ಕನ್ನಡದಲ್ಲಿ ಎಷ್ಟೋ ಸಲ ಓದಿದ ವಚನ, ಅಷ್ಟು ನಿಧಾನಕ್ಕೆ ಯಾವತ್ತೂ ಓದಿರಲಿಲ್ಲ.

ಶುರು ಮಾಡುವವರಿಗೆ ನನ್ನ ಸಲಹೆ: ಗ್ರೀಕ್ ಮೊದಲು. ಹೊಸ ಒಡಂಬಡಿಕೆಯಲ್ಲಿ ಸುಮಾರು 5,400 ಬೇರೆ ಬೇರೆ ಪದ ಇವೆ, ಆದರೆ 50 ಸಲಕ್ಕಿಂತ ಜಾಸ್ತಿ ಬರುವವು 300 ಚಿಲ್ಲರೆ, ಅಷ್ಟು ಬಂದರೆ ಪುಟದ ಮುಕ್ಕಾಲು ಪಾಲಿಗಿಂತ ಹೆಚ್ಚು ಕೈಗೆ ಸಿಗುತ್ತದೆ. ಯೋಹಾನನಿಂದ ಶುರು ಮಾಡಿ, ಪೌಲನ ಪತ್ರಗಳು ಆಮೇಲೆ. 2010ರಲ್ಲಿ ಬಂದ ಎಸ್‌ಬಿಎಲ್ ಅನ್ನುವ ಬೈಬಲ್ ವಿದ್ವಾಂಸರ ಸಂಘದ ಗ್ರೀಕ್ ಪಠ್ಯ ಉಚಿತವಾಗಿ ಸಿಗುತ್ತದೆ, ದುಡ್ಡು ಹಾಕಬೇಕಿಲ್ಲ. ಪ್ರತಿ ಪದದ ಕೆಳಗೆ ಇಂಗ್ಲಿಷ್ ಅರ್ಥ ಅಚ್ಚು ಹಾಕಿದ ಪುಸ್ತಕ ಮಾತ್ರ ಬೇಡ. ಕಣ್ಣು ಕೆಳಗಿನ ಸಾಲಿಗೇ ಓಡುತ್ತದೆ, ಮೇಲಿನದು ಅಲಂಕಾರಕ್ಕೆ ಉಳಿಯುತ್ತದೆ. ಬದಲಿಗೆ ಕನ್ನಡ ಸತ್ಯವೇದ ಪಕ್ಕದಲ್ಲಿಟ್ಟುಕೊಳ್ಳಿ, ಸಿಕ್ಕಿಹಾಕಿಕೊಂಡಾಗ ಮಾತ್ರ ತೆಗೆಯಿರಿ.

ಇನ್ನೊಂದು, ಸ್ವಲ್ಪ ಕಟುವಾದರೂ ಹೇಳುತ್ತೇನೆ. ಎರಡು ಪಾಠ ಮುಗಿಸಿ, ಪ್ರಸಂಗ ಪೀಠದಲ್ಲಿ ನಿಂತು, "ಮೂಲ ಗ್ರೀಕ್‌ನಲ್ಲಿ ಇದರ ನಿಜವಾದ ಅರ್ಥ ಏನು ಗೊತ್ತಾ" ಅಂತ ಶುರು ಮಾಡುವವರಿದ್ದಾರಲ್ಲ, ಅವರನ್ನು ನಂಬಬೇಡಿ. ಹೆಚ್ಚಿನ ಕಡೆ ಮೂಲದಲ್ಲಿರುವುದು ನಿಮ್ಮ ಕೈಯಲ್ಲಿರುವ ಕನ್ನಡದಲ್ಲೂ ಇದೆ. ಅನುವಾದ ಮಾಡಿದವರು ದಡ್ಡರಲ್ಲ. ಮೂಲದಲ್ಲಿ ಓದಿದರೆ ಹೊಸ ಅರ್ಥಕ್ಕಿಂತ ಜಾಸ್ತಿ ಸಿಗೋದು ಹೇಳುವವನ ದನಿ, ಅವನ ಓಘ, ಎಲ್ಲಿ ನಿಂತ, ಎಲ್ಲಿ ಓಡಿದ ಅನ್ನೋದು.

ಈಗ ಯೋನನ ಪುಸ್ತಕ ಹಿಡಿದಿದ್ದೇನೆ. 4 ಅಧ್ಯಾಯ, 48 ವಚನ. ಮೊದಲ ಅಧ್ಯಾಯ ಗದ್ಯ, ಸಲೀಸಾಗಿ ಹೋಯಿತು. ಎರಡನೆಯದು ಮೀನಿನ ಹೊಟ್ಟೆಯೊಳಗಿನ ಪ್ರಾರ್ಥನೆ, ಪದ್ಯ. ಗದ್ಯದಲ್ಲಿ ಕಲಿತ ಲೆಕ್ಕ ಅಲ್ಲಿ ನಡೆಯೋದಿಲ್ಲ. ಚಾಚಾಗೆ ಈ ಕಥೆ ಕುರಾನಿನ ಯೂನುಸ್ ಪೈಗಂಬರರ ಕಥೆಯಾಗಿ ಗೊತ್ತು. ಮೊನ್ನೆ ಪ್ಯಾಂಟ್ ಕೇಳೋಕೆ ಹೋದರೆ, ನಿಮ್ಮದರಲ್ಲಿ ಮೀನಿನ ಹೊಟ್ಟೆಯಲ್ಲಿ ಏನು ಪ್ರಾರ್ಥನೆ ಮಾಡಿದರು ಅಂತ ಕೇಳಿದರು. ಇನ್ನೂ ಮೂರನೇ ವಚನದಲ್ಲೇ ಇದ್ದೇನೆ ಅಂದೆ. "ಹಂಗಾದ್ರೆ ಪ್ಯಾಂಟೂ ಮುಂದಿನ ವಾರ" ಅಂದರು.